ಎರಡನೇ ಕೂಗು

"ಈ ಇಂಜೆಕ್ಷನ್ ಇನ್ಮೇಲೆ ನಂಗೆ ಬೇಡ ಡಾಕ್ಟ್ರಮ್ಮ," ಎಂದು ಅಣ್ಣಮ್ಮ ತೋಳಿನ ಮೇಲೆ ಸೆರಗು ಎಳೆದುಕೊಂಡಳು.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಕೂತಿದ್ದ ಡಾಕ್ಟರ್ ಭುವನಾಳಿಗೆ ಅದು ನುಂಗಲಾರದ ತುತ್ತಾಯಿತು. ಕೀಲುವಾತದಿಂದ ಅಣ್ಣಮ್ಮನ ಬೆರಳುಗಳು ಊದಿ ಬಿಗಿದುಕೊಂಡಿದ್ದವು. ಮಾತ್ರೆಗಳೆಲ್ಲ ಸೋತಾಗಿತ್ತು. ಇದೂ ತಪ್ಪಿದರೆ ಬರುವ ಕುಯ್ಲಿಗೆ ಕಾಫಿ ಹಣ್ಣು ಬಿಡಿಸುವುದಿರಲಿ, ಅನ್ನ ಕಲಸಿಕೊಳ್ಳುವುದೂ ಕಷ್ಟ.

"ಯಾಕೆ ಬೇಡ?"

"ಇದು ಮೈಯ ಕಾವಲನ್ನೇ ಕಟ್ಟಿಹಾಕುತ್ತಂತೆ. ನಮ್ಮ ಕೂಲಿ ಲೈನಿನ ಪಕ್ಕದ್ಮನೆ ದ್ಯಾವಮ್ಮ ಹೇಳಿದ್ಲು. ಈ ಮಳೇಲಿ ಜ್ವರ ಬಂದ್ರೆ ಯಾರು ಕಾಯ್ತಾರೆ?"

ಮಾತು ಪೂರ್ತಿ ಸುಳ್ಳಲ್ಲ, ಅದೇ ತಲೆನೋವು. ಭುವನಾ ಚೀಟಿಯ ಹಿಂದೆ ಎರಡು ಸೊನ್ನೆ ಬರೆದಳು. "ಇದು ಕಾವಲಿನ ಕಣ. ಇದು ಸುದ್ದಿ ತರೋ ಕಣ, ಮೈಯೊಳಗೆ ನುಗ್ಗಿದ ರೋಗದ ಕಳ್ಳನ ಗುರುತು ಎತ್ತಿ ತೋರಿಸುತ್ತೆ. ಅಷ್ಟಕ್ಕೇ ಕಾವಲಿನದು ಏಳಲ್ಲ, ಜೊತೆಗೆ ಇನ್ನೊಂದು ಸನ್ನೆ ಬೇಕು. ಎದ್ದ ಮೇಲೆ ಅದೂ ತಿರುಗಿ ಸನ್ನೆ ಮಾಡುತ್ತೆ, ಆಗ ಈ ಸುದ್ದಿ ಕಣಕ್ಕೂ ಹುರುಪು ಬರುತ್ತೆ..." ಅಣ್ಣಮ್ಮ ಗೋಡೆ ನೋಡುತ್ತಿದ್ದಳು.

"ತೋಟದಲ್ಲೂ ಹಂಗೇ ಅಲ್ವಾ," ಅಂದಳು ಅಣ್ಣಮ್ಮ ಇದ್ದಕ್ಕಿದ್ದಂತೆ. "ಮಂಜು ಕವಿದಾಗ ಕೂಗು ಹಾಕ್ತೀವಿ. ಒಂದೇ ಕೂಗಿಗೆ ಯಾರೂ ಓಗೊಡಲ್ಲ, ದೆವ್ವ ಕೂಗೋದು ಒಂದೇ ಸಲ. ಎರಡನೇದು ಕೇಳಿದ್ರೆ ಮನುಷ್ಯರೇ ಅಂತ ಓಗೊಡ್ತೀವಿ. ಅದನ್ನ ಕೇಳಿ ಕೂಗಿದವ್ರಿಗೂ ಧೈರ್ಯ, ಇನ್ನೂ ಜೋರಾಗಿ ಕೂಗ್ತಾರೆ."

ಭುವನಾ ಪೆನ್ನು ಕೆಳಗಿಟ್ಟಳು. ತಾನು ದಪ್ಪ ಪುಸ್ತಕಗಳಲ್ಲಿ ಓದಿದ್ದನ್ನು ಈ ಹೆಂಗಸು ಮಂಜಿನಲ್ಲಿ ನಿಂತು ಕಲಿತಿದ್ದಾಳೆ ಎನಿಸಿ ಖುಷಿಯೂ ನಾಚಿಕೆಯೂ ಒಟ್ಟಿಗೇ ಆದವು.

"ಅಷ್ಟೇ ಅಣ್ಣಮ್ಮ. ನಿಮ್ಮ ಕೀಲನ್ನೇ ಕಳ್ಳ ಅಂದ್ಕೊಂಡು ಈ ಎರಡೂ ಕಣ ಕೂಗಾಡ್ತಿವೆ. ಇಂಜೆಕ್ಷನ್ ಆ ಎರಡನೇ ಕೂಗನ್ನ ತಡೆಯುತ್ತೆ. ಕಾವಲು ಒಂಚೂರು ಸಡಿಲ ಆಗೋದು ನಿಜ. ಜ್ವರ ಬಂದ ದಿನವೇ ಬನ್ನಿ, ನಾನಿದ್ದೀನಿ."

ಅಣ್ಣಮ್ಮ ಸೆರಗು ಸರಿಸಿ ತೋಳು ಚಾಚಿದಳು.

ಐದು ತಿಂಗಳು ಕಳೆದು, ಕುಯ್ಲು ಜೋರಾಗಿದ್ದಾಗ ಒಂದು ದಿನ ಅಣ್ಣಮ್ಮ ಬಂದಳು. ಉಗುರ ಸಂದಿಯಲ್ಲಿ ಕಾಫಿ ಹಣ್ಣಿನ ಕರೆ. ಮೇಜು ಸುತ್ತಿ ಬಂದು ಭುವನಾಳ ಎರಡೂ ಕೆನ್ನೆ ಸವರಿದಳು. ಕೈಗಳನ್ನು ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು.

ತನ್ನ ಅಜ್ಜಿ ತೀರಿಹೋದ ಮೇಲೆ ಭುವನಾಳಿಗೆ ಯಾರೂ ಹೀಗೆ ದೃಷ್ಟಿ ತೆಗೆದಿರಲಿಲ್ಲ. ಅವಳು ಮಗುವಿನಂತೆ ಮುಖ ಒಡ್ಡಿ ಕೂತಳು. ಆದರೂ ಕಿವಿ ಎಣಿಸುತ್ತಲೇ ಇತ್ತು: ಅಂದು ಬಿಗಿದುಕೊಂಡಿದ್ದ ಹತ್ತರಲ್ಲಿ ಎಂಟು ಬೆರಳು ಲಟಕ್ಕೆಂದವು.