ಗದ್ದದ ಪಟ್ಟಿ

ಹೊರಗಿನ ಗಾಳಿ ಕೆಟ್ಟ ಮೇಲೆ ಊರಿಗೆ ಊರೇ ಮೂಗಿಗೆ ಮಾಸ್ಕ್ ಹಾಕಿಕೊಂಡು, ಒಂದೇ ದೊಡ್ಡ ಕೊಳವೆಯಿಂದ ಮನೆಮನೆಗೆ ಬರುವ ಗಾಳಿಯಲ್ಲಿ ಮಲಗುತ್ತಿತ್ತು. ನಿದ್ದೆಯಲ್ಲಿ ಬಾಯಿ ತೆರೆದವರ ಗಾಳಿ ಸೋರುತ್ತಿತ್ತು. ಅಂದು ಬೆಳಿಗ್ಗೆ ಗಾಳಿ ಇಲಾಖೆಯ ಗುರಪಾದ ಬಂದು, ಮುದುಕಿ ನೀಲವ್ವನ ಮುಂದೆ, ನಿದ್ದೆಯಲ್ಲಿ ಬಾಯಿ ತೆರೆಯದಂತೆ ಕಟ್ಟುವ ಗದ್ದದ ಪಟ್ಟಿ ಹಿಡಿದ.

“ಕಟ್ಕೋ ಆಯಿ. ಇಲ್ಲಂದ್ರ ನಿನ್ನ ಕೊಳವಿ ಇವತ್ತ ಕೀಳತೀನಿ.”

“ಗದ್ದ ಕಟ್ಟೂದು ಹೆಣಕ್ಕ, ತಮ್ಮಾ. ನನ್ನ ಗಂಡಗ ನನ್ನ ಕೈಲೇ ಕಟ್ಟೀನಿ. ಜೀವ ಇದ್ದಾಕಿ ನಾ ಕಟ್ಕೊಳ್ಳಂಗಿಲ್ಲ.”

ಅವನ ಚೀಲದಲ್ಲಿ ಮೂಗು, ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಇತ್ತು. ನೀಲವ್ವ ಅದನ್ನೇ ಎಳೆದುಕೊಂಡಳು.

“ಅದು ಮಠದ ಅಜ್ಜಾರಿಗೆ! ಅವರು ನಿದ್ದ್ಯಾಗೂ ಶಿವನ ಹೆಸರು ಹೇಳತಾರ.”

“ನಾ ಏನು ನಿದ್ದ್ಯಾಗ ನಿನ್ನ ಹೆಸರು ಹೇಳತೀನೇನು?”

ಮಾಸ್ಕ್ ಬಿಗಿದು, ಕೊಳವೆ ಸಿಕ್ಕಿಸಿ, ಅವನೆದುರೇ ಕಾಲು ಚಾಚಿ ಮಲಗಿದ ನೀಲವ್ವ ‘ಶಿವಾ’ ಎಂದು ಬಾಯಿ ಅಗಲಿಸಿದಳು. ಗಾಳಿ ಒಂದಿಷ್ಟೂ ಸೋರಲಿಲ್ಲ. ಗುರಪಾದ ಪಟ್ಟಿ ಮಡಚಿ ಚೀಲಕ್ಕೆ ಹಾಕಿದ.