ಕಪ್ಪು ಪರದೆಯ ಆಟ

ಹೆಡ್‌ಫೋನಿನಿಂದ ಸೋರುತ್ತಿದ್ದದ್ದು ಹೆಣ್ಣಿನ ಧ್ವನಿ.

ವಿಜೇತಾ ಕೈಚೀಲ ಇಳಿಸುವುದನ್ನೂ ಮರೆತು ಬಾಗಿಲಲ್ಲೇ ನಿಂತಳು. ಗಂಡ ಸುಕೇಶ್ ಲ್ಯಾಪ್‌ಟಾಪಿನ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದ. ಬೆರಳುಗಳು ಕೀಲಿಗಳ ಮೇಲೆ ಓಡುತ್ತಿದ್ದವು. ಪರದೆ ಮಾತ್ರ ಪೂರ್ತಿ ಕಪ್ಪು.

"ಯಾರದು?"

ಅವನು ಬೆಚ್ಚಿ ಹೆಡ್‌ಫೋನ್ ಕಿತ್ತ. "ಯಾರೂ ಇಲ್ಲ. ಆಟ."

"ಎಂತದೂ ಕಾಣುವುದಿಲ್ಲ. ಇದೆಂತ ಆಟ?"

"ಕೇಳಿ ಆಡುವ ಆಟ. ನೀನು ಮೊದಲು ಚಾ ಕುಡಿ."

ಉಡುಪಿಯ ಬಟ್ಟೆ ಅಂಗಡಿಯಲ್ಲಿ ಬೆಳಗ್ಗಿನಿಂದ ನಿಂತು, ಕಾಪುವಿನವರೆಗೆ ಬಸ್ಸಿನಲ್ಲೂ ನಿಂತೇ ಬಂದ ಕಾಲುಗಳು ಜಗಳಕ್ಕೆ ಒಪ್ಪಲಿಲ್ಲ. ಅವಳು ಸುಮ್ಮನೆ ಅಡುಗೆಮನೆಗೆ ಹೋದಳು.

ಸುಕೇಶನ ಆಟದ ಹುಚ್ಚು ಹೊಸದಲ್ಲ. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಎಲೆಕ್ಟ್ರಿಷಿಯನ್ ಅವನು. ದೊಡ್ಡ ಕಂಪೆನಿಗಳ ಗುಂಡು ಹಾರಿಸುವ ಆಟಗಳು ಅವನಿಗೆ ಆಗದು. ಎಲ್ಲೋ ಯಾರೋ ಒಬ್ಬರೇ ಕೂತು ಮಾಡಿದ ಪುಟ್ಟ ಆಟಗಳನ್ನು ಹುಡುಕಿ ತರುತ್ತಿದ್ದ. ಎಂಟು ವರ್ಷದ ಮಗಳು ಶ್ರೇಯಾ ತೊಡೆಯೇರಿ ಕೂತು ತಾನೂ ಆಡುತ್ತಿದ್ದಳು. ಆಮೇಲೆ ವಿಡಿಯೋ ನೋಡಿ ಕೋಡಿಂಗ್ ಕಲಿಯತೊಡಗಿದ. ಅವನೇ ಮಾಡಿದ ಬಂಗುಡೆ ಮೀನೊಂದು ಮಗಳು ಹೇಳಿದ ಬಣ್ಣದಲ್ಲಿ ಪರದೆಯ ಮೇಲೆ ಈಜಿದ ದಿನ, ನೆರೆಮನೆಯವರು ಓಡಿ ಬರುವಷ್ಟು ಅಪ್ಪ ಮಗಳು ಕಿರುಚಿದ್ದರು. ಆಗ ವಿಜೇತಾಳೂ ನಕ್ಕಿದ್ದಳು.

ಎಲ್ಲ ಕೆಟ್ಟದ್ದು ದಸರಾ ರಜೆಯ ನಂತರ. ಮಗಳಿಗೆ ಕನ್ನಡಕ ಬೇಕೇನೋ ಎಂದು ಒಂದು ದಿನ ಅವನೇ ಮಣಿಪಾಲಕ್ಕೆ ಕರೆದೊಯ್ದಿದ್ದ. "ಕನ್ನಡಕ ಬೇಡವಂತೆ," ಎಂದು ಹೇಳಿ ಒಳಗೆ ಹೋದವನು ಬೇರೆಯೇ ಮನುಷ್ಯನಾದ. ಬಣ್ಣದ ಆಟಗಳು ನಿಂತವು. ಪರದೆ ಕಪ್ಪಾಯಿತು. ಗುಡಿಸುವಾಗ ಅವಳು ಕುರ್ಚಿಯನ್ನು ಸ್ವಲ್ಪ ಸರಿಸಿದರೂ, "ಇದ್ದಲ್ಲೇ ಇಡು ಅಂತ ಎಷ್ಟು ಸಲ ಹೇಳುವುದು?" ಎಂದು ರೇಗುತ್ತಿದ್ದ. ಹೊತ್ತು ಮುಳುಗುವ ಮೊದಲೇ ಮನೆಯ ಲೈಟೆಲ್ಲ ಹಾಕಿಡುತ್ತಿದ್ದ. ಸಂಜೆ ಮೂವರೂ ಕಡಲ ಬದಿಗೆ ಹೋಗುವುದು ತಪ್ಪಿತು. ಕೇಳಿದರೆ ದಣಿವು ಎನ್ನುತ್ತಿದ್ದ. ದಣಿವು ಯಾರಿಗಿಲ್ಲ?

ಅಂದು ಊಟದ ಹೊತ್ತಿಗೆ ಶ್ರೇಯಾಳ ಕೈ ತಗಲಿ ನೀರಿನ ಚೊಂಬು ಉರುಳಿತು.

"ಕಣ್ಣು ಎಲ್ಲಿಟ್ಟಿದ್ದೀ?" ವಿಜೇತಾಳ ಕೈ ಎದ್ದೇಬಿಟ್ಟಿತು. ಸುಕೇಶ್ ಆ ಕೈಯನ್ನು ನಡುವೆಯೇ ಹಿಡಿದ. ನೋವಾಗುವಷ್ಟು ಬಿಗಿಯಾಗಿ.

"ಅವಳಿಗೆ ಬೈಯಬೇಡ," ಎಂದ. ಹೆಂಡತಿಯ ಮುಖ ನೋಡಲಿಲ್ಲ.

ತಪ್ಪು ಮಾಡುವ ಗಂಡಸಿಗೆ ಮಕ್ಕಳ ಮೇಲೆ ಪ್ರೀತಿ ಉಕ್ಕುತ್ತದೆ ಎಂದು ಅಂಗಡಿಯ ನವ್ಯಶ್ರೀ ಯಾವಾಗಲೋ ಹೇಳಿದ್ದಳು. ಅದೇ ನವ್ಯಶ್ರೀ ಆ ವಾರ ಸೀರೆ ಮಡಚುತ್ತ ಹತ್ತಿರ ಸರಿದಳು.

"ಹೇಳಬಾರದು ಅಂತಿದ್ದೆ ಮಾರಾಯ್ತಿ. ನಿನ್ನ ಗಂಡನನ್ನು ಮಣಿಪಾಲದಲ್ಲಿ ಕಂಡೆ. ಕಳೆದ ಎರಡು ಶನಿವಾರವೂ ಅದೇ ಹೋಟೆಲಿನ ಹತ್ತಿರ. ಜೊತೆಗೊಬ್ಬಳು ಇದ್ದಳು. ಅವನ ತೋಳು ಹಿಡಿದುಕೊಂಡೇ ನಡೆಯುತ್ತಿದ್ದಳು."

ಮುಂದಿನ ಶನಿವಾರ ವಿಜೇತಾ ಅರ್ಧ ದಿನ ರಜೆ ಹಾಕಿ ಮಣಿಪಾಲದ ಬಸ್ಸು ಹತ್ತಿದಳು. ಬಯ್ಯಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಲು ನೋಡಿದಳು. ಮೂರನೆಯ ಮಾತಿಗೇ ಸುಸ್ತಾಗಿ, ಕಂಬಿಗೆ ತಲೆಯಾನಿಸಿದಳು.

ನವ್ಯಶ್ರೀ ಹೇಳಿದ ಹೋಟೆಲಿನ ಮೂಲೆಯ ಮೇಜಿನಲ್ಲಿ ಅವರಿದ್ದರು. ನಡುವೆ ಲ್ಯಾಪ್‌ಟಾಪ್, ಪರದೆ ಕಪ್ಪು. ಸುಕೇಶ್ ಕಣ್ಣು ಮುಚ್ಚಿದ್ದ. ಜೊತೆಗಿದ್ದ ಹೆಂಗಸಿನ ಬೆರಳುಗಳು ಅವನ ಬೆರಳುಗಳ ಮೇಲಿದ್ದವು.

"ಎಷ್ಟು ಸಮಯದಿಂದ ನಡೀತಾ ಉಂಟು ಇದು?"

ಸುಕೇಶ್ ಕಣ್ಣು ತೆರೆದ. ಆ ಹೆಂಗಸು ಧ್ವನಿ ಬಂದ ಕಡೆ ತಿರುಗಿದಳು. ಆದರೆ ಅವಳ ನೋಟ ವಿಜೇತಾಳನ್ನು ದಾಟಿ ಹಿಂದಿನ ಗೋಡೆಯ ಮೇಲೆ ನಿಂತಿತು.

"ವಿಜೇತಾ ಅಲ್ವಾ? ನಾನು ಶರೋನ್, ಶಿರ್ವದವಳು. ಕೂತ್ಕೊಳ್ಳಿ." ಮೇಜಿನ ಅಂಚನ್ನು ತಡವಿ, ಪಕ್ಕಕ್ಕೆ ಒರಗಿಸಿದ್ದ ಬಿಳಿ ಕೋಲನ್ನು ತೆಗೆದು ಕುರ್ಚಿಗೆ ಜಾಗ ಮಾಡಿದಳು.

ವಿಜೇತಾ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು.

"ನಾನು ಹುಟ್ಟಿನಿಂದ ಹೀಗೆ. ಕೆಲಸ ಸಾಫ್ಟ್‌ವೇರ್ ಬರೆಯುವುದು," ಎಂದಳು ಶರೋನ್. "ಕಂಪ್ಯೂಟರ್ ನನಗೆ ಓದಿ ಹೇಳುತ್ತದೆ. ಮನೆಯಲ್ಲಿ ನೀವು ಕೇಳಿದಿರಂತೆ, ಅದು ಆ ಧ್ವನಿಯೇ ಇರಬೇಕು. ನೋಡದೆ ಆಡುವುದು, ನೋಡದೆ ಕೋಡ್ ಬರೆಯುವುದು, ಇದನ್ನು ಇವರಿಗೆ ಕಲಿಸುತ್ತಾ ಇದ್ದೇನೆ."

ನೋಡದೆ.

ವಿಜೇತಾ ಗಂಡನತ್ತ ನೋಡಿದಳು. ಸರಿಸಬಾರದ ಕುರ್ಚಿಗಳು. ಹೊತ್ತಿಗೆ ಮೊದಲೇ ಉರಿಯುವ ಲೈಟುಗಳು. ನಿಂತುಹೋದ ಕಡಲ ಸಂಜೆಗಳು. ಕುರ್ಚಿಯಲ್ಲಿ ಕುಸಿದು, ಹೋಟೆಲಿನಲ್ಲಿ ಜನರಿದ್ದಾರೆ ಎಂಬುದನ್ನೂ ಲೆಕ್ಕಿಸದೆ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಡಾಕ್ಟರ್ ಎಂತ ಹೇಳಿದ್ರು?"

"ಮೊದಲು ಕತ್ತಲಲ್ಲಿ ಕಾಣುವುದಿಲ್ಲ. ಆಮೇಲೆ ಬದಿಯದ್ದು. ಆಮೇಲೆ..." ಅವನು ಲ್ಯಾಪ್‌ಟಾಪ್ ಮುಚ್ಚಿದ. "ಮದ್ದಿಲ್ಲವಂತೆ."

"ಇಷ್ಟು ತಿಂಗಳು ಒಬ್ಬರೇ ಹೊತ್ತುಕೊಂಡು ತಿರುಗಿದ್ರಾ? ನಾನು ಸತ್ತಿದ್ದೇನಾ?"

"ಬರೀಗೈಯಲ್ಲಿ ನಿನ್ನ ಮುಂದೆ ನಿಲ್ಲಲು ಧೈರ್ಯ ಬರಲಿಲ್ಲ. ಮೊದಲು ಇಷ್ಟು ಕಲಿಯುವ, ಆಮೇಲೆ ಹೇಳುವ ಅಂತ ಇದ್ದೆ."

"ಹೆದರಬೇಡಿ. ನಾನು ದುಡಿಯುತ್ತೇನೆ. ಐಸ್ ಪ್ಲಾಂಟ್ ಬಿಡಿ. ನಾನೇ ನಿಮ್ಮ ಕೈ ಹಿಡಿದು ನಡೆಸುತ್ತೇನೆ, ಆಯ್ತಲ್ಲ?" ಅವಳು ಅಳುತ್ತಿದ್ದಳು. ಎಷ್ಟೋ ದಿನಗಳ ಅನುಮಾನ ಕರಗಿ, ಒಂದು ಬಗೆಯ ಹಗುರವೂ ಆಗಿತ್ತು.

ಶರೋನ್ ತಲೆ ತಗ್ಗಿಸಿದಳು.

ಸುಕೇಶ್ ಹೆಂಡತಿಯ ಕೈಗಳನ್ನು ಮೆಲ್ಲನೆ ತನ್ನ ಮುಖದಿಂದ ಇಳಿಸಿ, ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡ.

"ನನ್ನ ಕಣ್ಣು ಸರಿ ಉಂಟು ವಿಜೇತಾ. ನಾನು ಕಲಿಯುತ್ತಿರುವುದು ಶ್ರೇಯಾಳಿಗೆ ಕಲಿಸಲಿಕ್ಕೆ."