ಅಂಜೂರದ ಬೆರಳು

ಸಕ್ಕರೆ ಅಳೆಯುವ ಮೀಟರಿನಲ್ಲಿ ನಾನೂರ ಎಂಬತ್ತು ಎಂದು ಬಂತು. ಬೆಕ್ಕು ಪಾಶಾನಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾಗಿ ವಾರವೂ ಆಗಿರಲಿಲ್ಲ. ನಿನ್ನೆ ಇದೇ ಕಿವಿಯ ರಕ್ತ ಇನ್ನೂರು ತೋರಿಸಿತ್ತು. ಫೊತಿನಿ ಇನ್ಸುಲಿನ್ ಜಾಸ್ತಿ ಹಾಕಲು ಸಿರಿಂಜು ಎತ್ತಿಕೊಂಡಳು.

"ತಡಿಯೇ," ಎಂದಳು ಅತ್ತೆ ಕಲಿಯೋಪಿ, ಮೂರು ವರ್ಷದಿಂದ ಆ ಬೆಕ್ಕನ್ನು ಕಳ್ಳ ಎಂದೇ ಕರೆಯುತ್ತಿದ್ದವಳು. ಸೊಸೆಯ ಬೆರಳು ಹಿಡಿದು ನಾಲಿಗೆಗೆ ತಾಗಿಸಿಕೊಂಡಳು. "ಬಂದೋರಿಗೆ ಅಂಜೂರದ ಮುರಬ್ಬ ಕೊಟ್ಟ ಕೈಯಲ್ಲೇ ಅದರ ಕಿವಿ ತಿಕ್ಕಿದೀಯ. ಈ ಸಕ್ಕರೆ ನಾನು ಮಾಡಿದ ಮುರಬ್ಬದ್ದು, ಬೆಕ್ಕಿಂದಲ್ಲ."

ಕೈ ತೊಳೆದು, ಕಿವಿ ಒರೆಸಿ, ಮತ್ತೆ ಚುಚ್ಚಿದಾಗ ಇನ್ನೂರ ಹತ್ತು. ಮೊದಲಿನ ಲೆಕ್ಕಕ್ಕೆ ಸೂಜಿ ಹಾಕಿದ್ದರೆ ಸಕ್ಕರೆ ತೀರಾ ಇಳಿದು ಪಾಶಾ ಸಂಜೆಯವರೆಗೂ ಉಳಿಯುತ್ತಿರಲಿಲ್ಲ. ಫೊತಿನಿ ಸಿರಿಂಜನ್ನು ಅತ್ತೆಯ ಮುಂದಿಟ್ಟಳು.

ಅತ್ತೆ ಮಡಿಲು ಒಡ್ಡಿದಳು. "ಕಳ್ಳನ್ನ ಇಲ್ಲಿ ಕೊಡು. ನಾಳೆಯಿಂದ ಚುಚ್ಚೋದು ನಾನು, ನೆಂಟರನ್ನ ನೀನು ನೋಡ್ಕೋ."